ಮಳೆಯನ್ನು ಮೊದಲೇ ಬಲ್ಲ ಲೆಕ್ಕ: ವಿದ್ಯುತ್ ಉತ್ಪಾದನಾ ಯೋಜನೆಗೆ ಪೈಪ್ಸಾ ತಂತ್ರಾಂಶ, ಒಬ್ಬ ಬಳಕೆದಾರನ ವಿಮರ್ಶೆ

ಕೇಂದ್ರ ವಿದ್ಯುತ್ ಪ್ರಾಧಿಕಾರ 2011ರಲ್ಲಿ ಹೊರತಂದ 18ನೇ ವಿದ್ಯುತ್ ಸಮೀಕ್ಷೆಯು, 2021-22ರ ಹೊತ್ತಿಗೆ ದೇಶದ ಗರಿಷ್ಠ ಬೇಡಿಕೆ ಸುಮಾರು 2,83,000 ಮೆಗಾವ್ಯಾಟ್‌ಗೆ ಏರುತ್ತದೆ ಎಂದು ಅಂದಾಜಿಸಿತ್ತು. ಆ ವರ್ಷ ಬಂದಾಗ ಬೇಡಿಕೆ ಮುಟ್ಟಿದ್ದು ಸುಮಾರು 2,03,000 ಮೆಗಾವ್ಯಾಟ್. ನಡುವಿನ 80,000 ಮೆಗಾವ್ಯಾಟ್ ಎಂದರೆ ನಮ್ಮ ರಾಯಚೂರಿನ ಯರಮರಸ್ ಸ್ಥಾವರದಷ್ಟು ದೊಡ್ಡದಾದ ಐವತ್ತು ಸ್ಥಾವರಗಳು. ಸಮೀಕ್ಷೆ ಮಾಡಿದವರನ್ನು ದೂರುವ ಉದ್ದೇಶ ನನಗಿಲ್ಲ. ಹತ್ತು ವರ್ಷ ಮುಂದಿನ ಆರ್ಥಿಕತೆ, ಹವಾಮಾನ ಮತ್ತು ಜನರ ಬಳಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳಬೇಕಾದ ಯಾರಿಗೂ ಇಂಥ ತಪ್ಪು ತಪ್ಪಿದ್ದಲ್ಲ. ನನ್ನ ಆಸಕ್ತಿ ಇರುವುದು ಬೇರೆ ಪ್ರಶ್ನೆಯಲ್ಲಿ. ಅಂದಾಜು ತಪ್ಪಾಗಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡು, ಆ ಅನಿಶ್ಚಿತತೆಯನ್ನೇ ಲೆಕ್ಕದೊಳಗೆ ತಂದು, ಯಾವ ಸ್ಥಾವರವನ್ನು ಎಷ್ಟು ಕಟ್ಟಬೇಕೆಂದು ಹೇಳುವ ಸಾಧನ ನಮ್ಮಂಥವರ ಕೈಗೆ ಸಿಗುತ್ತದೆಯೇ? ಆ ಹುಡುಕಾಟದಲ್ಲಿ ನಾನು ಬಂದು ನಿಂತದ್ದು ಪೈಪ್ಸಾ ಎಂಬ ತಂತ್ರಾಂಶದ ಬಳಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಜಾಲದ ಪಾಠ ಮಾಡುವ ನಾನು ಕರ್ನಾಟಕದ ಒಂದು ಸಣ್ಣ ಮಾದರಿಯನ್ನು ಇದರಲ್ಲಿ ಕಟ್ಟಿ, ಅದರೊಂದಿಗೆ ಹಲವು ತಿಂಗಳು ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಪೈಥಾನ್ ಭಾಷೆಯಲ್ಲಿ ಬರೆದ ಈ ತಂತ್ರಾಂಶ ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟ್ ಉನ್ನತ ಅಧ್ಯಯನ ಸಂಸ್ಥೆಯಲ್ಲಿ. ಟಾಮ್ ಬ್ರೌನ್, ಯೋನಾಸ್ ಹೊರ್ಶ್ ಮತ್ತು ಡೇವಿಡ್ ಶ್ಲಾಖ್ಟ್‌ಬರ್ಗರ್ ಇದನ್ನು ವಿವರಿಸುವ ಪ್ರಬಂಧವನ್ನು 2018ರಲ್ಲಿ ಪ್ರಕಟಿಸಿದರು. ಈಗ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಇದರ ನಿರ್ವಹಣೆಯ ಕೇಂದ್ರದಲ್ಲಿದೆ. ಎಂಐಟಿ ಪರವಾನಗಿಯಡಿ ಸಂಪೂರ್ಣ ಉಚಿತ ಮತ್ತು ಮುಕ್ತ. ಇದೇ ಕೆಲಸಕ್ಕೆ ಪ್ಲೆಕ್ಸೋಸ್‌ನಂಥ ವಾಣಿಜ್ಯ ತಂತ್ರಾಂಶಗಳಿವೆ. ಅವುಗಳ ಪರವಾನಗಿ ಶುಲ್ಕ ಒಂದು ಸಾಮಾನ್ಯ ಕಾಲೇಜಿನ ವಿಭಾಗಕ್ಕೆ ಎಟುಕುವಂಥದ್ದಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1970ರ ದಶಕದಿಂದ ತನ್ನ ಸದಸ್ಯ ದೇಶಗಳಿಗೆ ಕೊಡುತ್ತಾ ಬಂದಿರುವ ವಾಸ್ಪ್ ಎಂಬ ಯೋಜನಾ ತಂತ್ರಾಂಶವೂ ಇದೆ, ಅದರ ಬಗ್ಗೆ ಮುಂದೆ ಒಂದು ಮಾತು ಹೇಳಬೇಕಿದೆ.

ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಂದು ಸಾಲಿನ ಆಜ್ಞೆಯಷ್ಟೇ ಕೆಲಸ. ಜೊತೆಗೆ ಬೇಕಾಗುವ ಸಾಲ್ವರ್, ಅಂದರೆ ಲಕ್ಷಾಂತರ ಸಮೀಕರಣಗಳನ್ನು ಬಿಡಿಸುವ ಗಣಿತ ಯಂತ್ರವಾದ ಹೈಗ್ಸ್ ಕೂಡ ಉಚಿತ. ಅದು ಎಡಿನ್‌ಬರೋ ವಿಶ್ವವಿದ್ಯಾಲಯದ ಕೊಡುಗೆ. ಪರದೆಯ ಮೇಲೆ ಗುಂಡಿ ಒತ್ತಿ ಚಿತ್ರ ಎಳೆಯುವ ಸೌಲಭ್ಯವನ್ನು ನಿರೀಕ್ಷಿಸಬಾರದು, ಎಲ್ಲವನ್ನೂ ಕೋಡ್‌ನಲ್ಲೇ ಬರೆಯಬೇಕು. ಆದರೆ ಮಾದರಿಯ ಅಂಗಗಳು ಎಂಜಿನಿಯರನ ಮನಸ್ಸಿಗೆ ತಕ್ಷಣ ಹೊಂದುತ್ತವೆ: ಬಸ್ (ಜಾಲದಲ್ಲಿ ಎಲ್ಲವೂ ಬಂದು ಕೂಡುವ ಬಿಂದು), ಜನರೇಟರ್, ಲೋಡ್, ಲೈನ್, ಸ್ಟೋರೇಜ್. ಪ್ರತಿ ಜನರೇಟರಿಗೂ ಸಾಮರ್ಥ್ಯ, ಇಂಧನ ವೆಚ್ಚ, ಬಂಡವಾಳ ವೆಚ್ಚ ಮತ್ತು ಗಂಟೆಗಂಟೆಯ ಲಭ್ಯತೆಯನ್ನು ಕೊಟ್ಟರೆ, ವರ್ಷದ 8,760 ಗಂಟೆಗಳಲ್ಲೂ ಬೇಡಿಕೆ ಪೂರೈಸುವ ಅತ್ಯಂತ ಅಗ್ಗದ ಸಂಯೋಜನೆಯನ್ನು ಅದು ಹುಡುಕಿ ಕೊಡುತ್ತದೆ. ಎಷ್ಟು ಹೊಸದಾಗಿ ಕಟ್ಟಬೇಕು ಮತ್ತು ಕಟ್ಟಿದ್ದನ್ನು ಪ್ರತಿ ಗಂಟೆ ಹೇಗೆ ಓಡಿಸಬೇಕು ಎಂಬ ಎರಡೂ ಉತ್ತರಗಳು ಒಟ್ಟಿಗೇ ಬರುತ್ತವೆ.

ನನ್ನ ಮಾದರಿಯಲ್ಲಿ ರಾಯಚೂರು, ಬಳ್ಳಾರಿ ಮತ್ತು ಯರಮರಸ್‌ನ ಕಲ್ಲಿದ್ದಲು ಘಟಕಗಳು, ಕೈಗಾದ 880 ಮೆಗಾವ್ಯಾಟ್, ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್, ಚಿತ್ರದುರ್ಗ ಮತ್ತು ಗದಗ ಭಾಗದ ಗಾಳಿಯಂತ್ರಗಳು, ಶರಾವತಿ, ಕಾಳಿ, ವಾರಾಹಿ ಕಣಿವೆಗಳ ಜಲವಿದ್ಯುತ್ ಇವೆಲ್ಲ ಇದ್ದವು. ಸೌರ ಮತ್ತು ಗಾಳಿಯ ಗಂಟೆವಾರು ಲಭ್ಯತೆಗೆ ಇದೇ ಬಳಗದ ಅಟ್‌ಲೈಟ್ ಎಂಬ ಉಪಸಾಧನವಿದೆ. ಅದು ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ದತ್ತಾಂಶದಿಂದ ಹಲವು ದಶಕಗಳ ಹವಾಮಾನವನ್ನು ಮೆಗಾವ್ಯಾಟ್‌ಗೆ ಪರಿವರ್ತಿಸಿ ಕೊಡುತ್ತದೆ. ಈ ಸೌಲಭ್ಯವನ್ನು ಎಷ್ಟು ಹೊಗಳಿದರೂ ಕಡಿಮೆ, ಏಕೆಂದರೆ ಒಂದೇ ವರ್ಷದ ಗಾಳಿಯನ್ನು ನಂಬಿ ಮಾಡಿದ ಯೋಜನೆಗೆ ಬೆಲೆಯಿಲ್ಲ. ಆದರೂ ಒಂದು ಎಚ್ಚರಿಕೆ ಅಗತ್ಯ: ಆ ದತ್ತಾಂಶದ ಒಂದೊಂದು ಚೌಕವೂ ಸುಮಾರು 31 ಕಿಲೋಮೀಟರ್ ಅಗಲವಿರುವುದರಿಂದ ಪಶ್ಚಿಮ ಘಟ್ಟದ ಏರಿಳಿತಗಳು ಅದರಲ್ಲಿ ಸವೆದು ಚಪ್ಪಟೆಯಾಗಿಬಿಡುತ್ತವೆ. ಗಿರಿಯ ಅಂಚಿನ ಗಾಳಿಯನ್ನು ಸ್ಥಳೀಯ ಅಳತೆಯೊಂದಿಗೆ ತಾಳೆ ನೋಡದೆ ಬಳಸಬಾರದು.

ಜಲಾಶಯದ ವಿಷಯದಲ್ಲಿ ನಾನು ಮೊದಲ ಪೆಟ್ಟು ತಿಂದೆ. ತಂತ್ರಾಂಶಕ್ಕೆ ಟಿಎಂಸಿ ತಿಳಿಯದು. ಒಳಹರಿವನ್ನೂ ಸಂಗ್ರಹವನ್ನೂ ವಿದ್ಯುತ್ತಿನ ಅಳತೆಯಲ್ಲೇ ಕೊಡಬೇಕು. ಒಂದು ಟಿಎಂಸಿ ನೀರು ಪ್ರತಿ 100 ಮೀಟರ್ ಎತ್ತರದಿಂದ ಇಳಿದರೆ, ಶೇಕಡಾ 90ರ ದಕ್ಷತೆಯಲ್ಲಿ ಸುಮಾರು 70 ಲಕ್ಷ ಯೂನಿಟ್ ಸಿಗುತ್ತದೆ ಎಂಬ ಸೂತ್ರವನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದೆ. ಅಳತೆಗಳ ಹೊಂದಾಣಿಕೆಯನ್ನು ತಂತ್ರಾಂಶ ಪರಿಶೀಲಿಸುವುದಿಲ್ಲ. ಲಕ್ಷಕ್ಕೂ ಕೋಟಿಗೂ ವ್ಯತ್ಯಾಸವಾದರೆ ಅದು ಎಚ್ಚರಿಸದೆ ಉತ್ತರ ಕೊಟ್ಟುಬಿಡುತ್ತದೆ. ಇನ್ನೊಂದು ಸಂಗತಿಯೂ ಇದೆ. ವರ್ಷದ ಕೊನೆಗೆ ಜಲಾಶಯದ ಮಟ್ಟ ವರ್ಷಾರಂಭದ ಮಟ್ಟಕ್ಕೆ ಮರಳಬೇಕು ಎಂಬ ನಿಯಮವನ್ನು ಒಂದು ಗುರುತಿನಿಂದ ಹೇರಬಹುದು, ಎಲ್ಲರೂ ಅದನ್ನೇ ಹಾಕುತ್ತಾರೆ. ಯುರೋಪಿನ ಉದಾಹರಣೆಗಳಂತೆ ಜನವರಿ 1ರಿಂದ ವರ್ಷ ಶುರು ಮಾಡಿದರೆ ಲಿಂಗನಮಕ್ಕಿ ಅರ್ಧ ತುಂಬಿದ ಸ್ಥಿತಿಯಲ್ಲಿ ಲೆಕ್ಕ ಆರಂಭವಾಗುತ್ತದೆ, ಆ ಅರ್ಧ ನೀರು ಮುಂದಿನ ಜನವರಿಗೂ ಇದ್ದೇ ಇರುತ್ತದೆ ಎಂದು ಮಾದರಿ ನಂಬುತ್ತದೆ. ಬರಗಾಲದ ವರ್ಷದಲ್ಲಿ ನಡೆಯದೇ ಇರುವುದು ಅದೇ. ನಮ್ಮ ಮಾದರಿಗಳು ಜೂನ್ 1ರಿಂದ, ಅಂದರೆ ಜಲವರ್ಷದ ಆರಂಭದಿಂದ ಶುರುವಾಗಬೇಕು. ಇದನ್ನು ಕಂಡುಕೊಳ್ಳಲು ನನಗೆ ಮೂರು ವಾರ ಬೇಕಾಯಿತು.

ಈ ವಿಮರ್ಶೆಗೆ ಕಾರಣವಾದ ಭಾಗಕ್ಕೆ ಈಗ ಬರುತ್ತೇನೆ. 2025ರಲ್ಲಿ ಬಂದ 1.0 ಆವೃತ್ತಿ, ಹಲವು ಸನ್ನಿವೇಶಗಳನ್ನು ಅವುಗಳ ಸಂಭವನೀಯತೆಯೊಂದಿಗೆ ಘೋಷಿಸಿ, ಎಲ್ಲಕ್ಕೂ ಸೇರಿ ಒಂದೇ ಯೋಜನೆಯನ್ನು ಹುಡುಕುವ ಸೌಲಭ್ಯವನ್ನು ತಂತ್ರಾಂಶದೊಳಗೇ ಒದಗಿಸಿದೆ. ಹಿಂದೆ ಇದನ್ನು ಬಳಕೆದಾರರೇ ಕೈಯಾರೆ ಹೆಣೆಯಬೇಕಿತ್ತು. ಏನು ಕಟ್ಟಬೇಕೆಂಬ ತೀರ್ಮಾನ ಮೊದಲ ಹಂತ, ಅದು ಎಲ್ಲ ಸನ್ನಿವೇಶಗಳಿಗೂ ಒಂದೇ. ಹೇಗೆ ಓಡಿಸಬೇಕೆಂಬುದು ಎರಡನೆಯ ಹಂತ, ಅದು ಸನ್ನಿವೇಶಕ್ಕೆ ತಕ್ಕಂತೆ ಬದಲಾಗುತ್ತದೆ.

ಇದರಿಂದ ಏನು ಲಾಭ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸುವ ಲೆಕ್ಕವೊಂದಿದೆ. ಊಹೆಗಾಗಿ, ಒಂದು ಪಟ್ಟಣದ ಮುಂದಿನ ಬೇಡಿಕೆ 100, 120 ಅಥವಾ 140 ಮೆಗಾವ್ಯಾಟ್ ಆಗಬಹುದು, ಮೂರಕ್ಕೂ ಸಮಾನ ಸಾಧ್ಯತೆ ಎಂದಿಟ್ಟುಕೊಳ್ಳೋಣ. ಒಂದು ಮೆಗಾವ್ಯಾಟ್ ಸಾಮರ್ಥ್ಯಕ್ಕೆ ವರ್ಷಕ್ಕೆ 60 ಲಕ್ಷ ರೂಪಾಯಿ ಖರ್ಚು; ಕೊರತೆ ಬಿದ್ದರೆ ಪ್ರತಿ ಮೆಗಾವ್ಯಾಟ್‌ಗೆ ವರ್ಷಕ್ಕೆ ಎರಡೂವರೆ ಕೋಟಿ ನಷ್ಟ. ಸರಾಸರಿ ಬೇಡಿಕೆಯನ್ನು ನಂಬಿದವನು 120 ಮೆಗಾವ್ಯಾಟ್ ಕಟ್ಟಿ, 72 ಕೋಟಿಯಲ್ಲಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ. ಆದರೆ ಮೂರರಲ್ಲೊಂದು ಸಲ ಬೇಡಿಕೆ 140ಕ್ಕೆ ಏರಿ 20 ಮೆಗಾವ್ಯಾಟ್ ಕೊರತೆಯಾಗಿ 50 ಕೋಟಿ ನಷ್ಟವಾಗುವುದರಿಂದ, ಅವನ ನಿಜವಾದ ನಿರೀಕ್ಷಿತ ವೆಚ್ಚ 88 ಕೋಟಿ 67 ಲಕ್ಷ. ಮೂರೂ ಸಾಧ್ಯತೆಗಳನ್ನು ಒಟ್ಟಿಗೆ ಇಟ್ಟು ನೋಡಿದವನು 140 ಕಟ್ಟುತ್ತಾನೆ, ಅವನ ವೆಚ್ಚ 84 ಕೋಟಿ. ಅನಿಶ್ಚಿತತೆಯನ್ನು ಲೆಕ್ಕಕ್ಕೆ ತಂದದ್ದರ ಬೆಲೆ ವರ್ಷಕ್ಕೆ ಸುಮಾರು 4 ಕೋಟಿ 67 ಲಕ್ಷ. ಕೊರತೆಯ ನಷ್ಟ ಎರಡೂವರೆ ಕೋಟಿಯ ಬದಲು ಒಂದು ಕೋಟಿಯೇ ಆಗಿದ್ದರೆ 120 ಮೆಗಾವ್ಯಾಟೇ ಸರಿಯಾದ ಉತ್ತರವಾಗುತ್ತಿತ್ತು ಎಂಬುದನ್ನೂ ಗಮನಿಸಬೇಕು. ಇದೇ ಲೆಕ್ಕವನ್ನು ಪೈಪ್ಸಾದಲ್ಲಿ ಬರೆಯಲು ಇಪ್ಪತ್ತು ಸಾಲು ಸಾಕು, ಉತ್ತರವೂ ಕಪ್ಪುಹಲಗೆಯ ಉತ್ತರಕ್ಕೆ ಸರಿಹೊಂದುತ್ತದೆ. ಹೊಸ ತಂತ್ರಾಂಶವನ್ನು ನಂಬುವ ಮೊದಲು ಇಂಥ ಸಣ್ಣ ಪರೀಕ್ಷೆಯನ್ನು ಮಾಡಲೇಬೇಕು ಎಂಬುದು ನನ್ನ ಹಠ.

ಆದರೆ ಸನ್ನಿವೇಶಗಳನ್ನು ಬರೆಯುವ ಹೊಣೆ ನಮ್ಮದೇ, ಅಲ್ಲಿ ತಪ್ಪಿದರೆ ತಂತ್ರಾಂಶ ಕಾಪಾಡದು. ಮಳೆ ಕೈಕೊಡುವ ಸಾಧ್ಯತೆ ನಾಲ್ಕರಲ್ಲೊಂದು, ಬೇಡಿಕೆ ಅತಿಯಾಗುವ ಸಾಧ್ಯತೆ ನಾಲ್ಕರಲ್ಲೊಂದು ಎಂದು ಬೇರೆಬೇರೆಯಾಗಿ ಇಟ್ಟರೆ, ಎರಡೂ ಒಟ್ಟಿಗೆ ಬರುವ ಸಾಧ್ಯತೆ ಹದಿನಾರರಲ್ಲೊಂದು ಎಂಬ ಸಮಾಧಾನದ ಉತ್ತರ ಸಿಗುತ್ತದೆ. ಕರ್ನಾಟಕದಲ್ಲಿ ಅವೆರಡಕ್ಕೂ ಕಾರಣ ಒಂದೇ. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಕಡಿಮೆ ಮಳೆಯ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಯಿಲ್ಲದ ಕಾರಣ ಶರಾವತಿಯ ಜಲಾಶಯ ತುಂಬಲಿಲ್ಲ. ಮಳೆಯಿಲ್ಲದ ಕಾರಣಕ್ಕೇ ಮಳೆಗಾಲದಲ್ಲಿ ಸುಮ್ಮನಿರಬೇಕಿದ್ದ ಲಕ್ಷಾಂತರ ಐಪಿ ಸೆಟ್‌ಗಳು, ಅಂದರೆ ನೀರಾವರಿ ಪಂಪ್‌ಸೆಟ್‌ಗಳು, ಒಟ್ಟಿಗೇ ಓಡತೊಡಗಿ, ಬೇಸಿಗೆಯಲ್ಲಿ ಕಾಣುವ ಬೇಡಿಕೆ ಅಕ್ಟೋಬರಿನಲ್ಲೇ ಎದುರಾಯಿತು. ಕೆಲವೇ ವರ್ಷಗಳ ಹಿಂದೆ ಹೆಚ್ಚುವರಿ ವಿದ್ಯುತ್ತನ್ನು ಹೊರಗೆ ಮಾರುತ್ತಿದ್ದ ರಾಜ್ಯವು ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರ ವಿದ್ಯುತ್ತನ್ನು ರಾಜ್ಯಕ್ಕೇ ಕೊಡುವಂತೆ ಆದೇಶಿಸಬೇಕಾಯಿತು, ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ವಿನಿಮಯದ ಲೆಕ್ಕದಲ್ಲಿ ವಿದ್ಯುತ್ ತರಬೇಕಾಯಿತು. ಆ ಅಕ್ಟೋಬರಿನಲ್ಲಿ ನಮ್ಮೂರಿನ ಚಿಕ್ಕಪ್ಪ ಏಳು ಗಂಟೆಯ ತ್ರೀಫೇಸ್ ಐದಕ್ಕೆ ಇಳಿದಾಗ, ಕಾಳು ಕಟ್ಟುವ ಹಂತದ ಮೆಕ್ಕೆಜೋಳದ ಯಾವ ತಾಕನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಬದುವಿನ ಮೇಲೆ ನಿಂತು ಯೋಚಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಆದ್ದರಿಂದ ನನ್ನ ಮಾದರಿಯಲ್ಲಿ ಕಡಿಮೆ ಒಳಹರಿವು ಮತ್ತು ಅಧಿಕ ಪಂಪ್‌ಸೆಟ್ ಬೇಡಿಕೆ ಒಂದೇ ಸನ್ನಿವೇಶದ ಎರಡು ಮುಖಗಳು. ಹಾಗೆ ಜೋಡಿಸಿದ ಕೂಡಲೇ ಮಾದರಿ ಕಟ್ಟಹೇಳುವ ಸಾಮರ್ಥ್ಯ ಕಣ್ಣಿಗೆ ಕಾಣುವಷ್ಟು ಬದಲಾಯಿತು.

ಕೊರತೆಯ ಬೆಲೆಯ ವಿಷಯವೂ ಇಲ್ಲಿಗೇ ಸೇರುತ್ತದೆ. ಬೇಡಿಕೆ ಪೂರೈಸಲಾಗದಿದ್ದರೆ ತಂತ್ರಾಂಶ ಲೆಕ್ಕ ಅಸಾಧ್ಯ ಎಂದು ಕೈಚೆಲ್ಲುತ್ತದೆ. ಹಾಗಾಗದಂತೆ ಬಹಳ ದುಬಾರಿಯ ಒಂದು ಕಾಲ್ಪನಿಕ ಜನರೇಟರನ್ನು ಸೇರಿಸುವ ಸಿದ್ಧ ಆಜ್ಞೆಯಿದೆ. ಆ ಜನರೇಟರ್ ಓಡಿದಷ್ಟು ಹೊತ್ತು ಯಾರಿಗೋ ಕರೆಂಟ್ ಇಲ್ಲ ಎಂದರ್ಥ. ಅದಕ್ಕೆ ಒಂದೇ ದರ ಇಟ್ಟರೆ ಬೆಂಗಳೂರಿನ ಆಸ್ಪತ್ರೆಯೂ ಹಾವೇರಿಯ ಬೋರ್‌ವೆಲ್ಲೂ ಒಂದೇ ಆಗಿಬಿಡುತ್ತವೆ. ನಾನು ಪಂಪ್‌ಸೆಟ್ ಬೇಡಿಕೆಗೆ ಪ್ರತ್ಯೇಕ ಬಸ್ ಮಾಡಿ, ದಿನದಲ್ಲಿ ಇಷ್ಟು ಗಂಟೆ ಎಂಬ ಮೊತ್ತವನ್ನು ಕಟ್ಟಿಹಾಕಿ, ಯಾವ ಹೊತ್ತಿಗೆ ಕೊಡಬೇಕೆಂಬುದನ್ನು ಮಾದರಿಗೆ ಬಿಟ್ಟೆ. ಅದು ಬಹುಪಾಲನ್ನು ಬಿಸಿಲಿನ ಹೊತ್ತಿಗೆ ತಳ್ಳಿತು. ನಮ್ಮ ರಾಜ್ಯದ ಫೀಡರ್‌ಗಳಲ್ಲಿ ಹಗಲು ತ್ರೀಫೇಸ್ ಕೊಡುವ ಪ್ರಯತ್ನ ನಡೆಯುತ್ತಿರುವುದೂ ಅದೇ ದಿಕ್ಕಿನಲ್ಲಿ. ಇಂಥ ವಿಶಿಷ್ಟ ಬೇಡಿಕೆಯನ್ನೂ ಸುಲಭವಾಗಿ ಒಳಗೆ ತರಬಹುದಾದ ಮುಕ್ತ ವಿನ್ಯಾಸವೇ ಪೈಪ್ಸಾದ ನಿಜವಾದ ಶಕ್ತಿ ಎಂದು ನಾನು ಹೇಳುತ್ತೇನೆ.

ಇಷ್ಟು ಹೇಳಿದ ಮೇಲೆ, ಅದರ ದೊಡ್ಡ ಕೊರತೆಯನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಯಾವ ಸನ್ನಿವೇಶ ಬರುತ್ತದೆಂದು ಕಟ್ಟುವ ಹೊತ್ತಿಗೆ ಮಾದರಿಗೆ ಗೊತ್ತಿರುವುದಿಲ್ಲ, ಸರಿ. ಆದರೆ ಕಟ್ಟಿಯಾದ ಮರುಕ್ಷಣ, ಪ್ರತಿ ಸನ್ನಿವೇಶದೊಳಗೆ, ಅದಕ್ಕೆ ವರ್ಷದ ಅಷ್ಟೂ ಗಂಟೆಗಳು ಮೊದಲೇ ತಿಳಿದಿರುತ್ತವೆ. ಬರದ ಸನ್ನಿವೇಶದಲ್ಲಿ ಜೂನ್ ಮೊದಲ ದಿನವೇ, ಆಗಸ್ಟ್‌ನಲ್ಲಿ ಮಳೆ ಬಾರದು ಎಂಬ ಅರಿವಿನಿಂದ ಅದು ಲಿಂಗನಮಕ್ಕಿಯ ನೀರನ್ನು ಬಿಗಿಹಿಡಿದು, ಕಲ್ಲಿದ್ದಲು ಘಟಕಗಳನ್ನು ಪೂರ್ಣ ಓಡಿಸತೊಡಗುತ್ತದೆ. ಒಳ್ಳೆಯ ಮಳೆಯ ಸನ್ನಿವೇಶದಲ್ಲಿ ಅದೇ ದಿನ ನಿರಾಳವಾಗಿ ನೀರು ಬಿಡುತ್ತದೆ. ಜೂನ್ 1ರಂದು ಎರಡೂ ವರ್ಷಗಳ ಆಕಾಶ ಒಂದೇ ಥರ ಕಾಣುತ್ತದೆ ಎಂಬುದು ಅಣೆಕಟ್ಟಿನ ಮೇಲೆ ನಿಂತ ಎಂಜಿನಿಯರಿಗೆ ಗೊತ್ತು, ಮಾದರಿಗೆ ಗೊತ್ತಿಲ್ಲ. ಪರಿಣಾಮವಾಗಿ ಜಲಾಶಯಗಳು ನಿಜಕ್ಕಿಂತ ಜಾಣವಾಗಿ, ಬರಗಾಲ ನಿಜಕ್ಕಿಂತ ಅಗ್ಗವಾಗಿ ಕಾಣುತ್ತವೆ. ಜಲವಿದ್ಯುತ್ ಕಡಿಮೆಯಿರುವ ಪ್ರದೇಶದಲ್ಲಿ ಈ ದೋಷ ಸಣ್ಣದಿರಬಹುದು; ಶರಾವತಿಯ 1,035 ಮೆಗಾವ್ಯಾಟನ್ನು ಸಂಜೆಯ ಪೀಕ್‌ಗೆ ನೆಚ್ಚಿಕೊಂಡ ನಮಗೆ ಸಣ್ಣದಲ್ಲ.

ಇದಕ್ಕೆ ಭಾಗಶಃ ಪರಿಹಾರವಿದೆ. ಕಟ್ಟಬೇಕಾದ ಸಾಮರ್ಥ್ಯವನ್ನು ಮೊದಲು ತೀರ್ಮಾನಿಸಿ, ನಂತರ ವರ್ಷವನ್ನು ಒಂದೊಂದು ವಾರದ ಕಿಟಕಿಯಿಂದ ಮಾತ್ರ ನೋಡುತ್ತಾ ಮುಂದೆ ಸರಿಯುವ ವಿಧಾನವನ್ನೂ ತಂತ್ರಾಂಶ ಕೊಟ್ಟಿದೆ. ಆದರೆ ವಾರದಾಚೆ ಏನೂ ಕಾಣದ ಮಾದರಿ, ನೀರಿಗೆ ನಾವೇ ಒಂದು ಬೆಲೆ ಕಟ್ಟದಿದ್ದರೆ, ಜಲಾಶಯವನ್ನು ಬರಿದು ಮಾಡುತ್ತದೆ. ಎಲ್ಲವನ್ನೂ ಬಲ್ಲವನಿಂದ ಏನನ್ನೂ ಕಾಣದವನವರೆಗೆ ಹೋದಂತಾಯಿತು. ಬ್ರೆಜಿಲ್‌ನಂಥ ಜಲವಿದ್ಯುತ್ ಪ್ರಧಾನ ದೇಶ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿತು. ಅಲ್ಲಿನ ಮಾರಿಯೊ ಪೆರೇರಾ ಮತ್ತು ಲಿಯೊಂತಿನಾ ಪಿಂಟೊ 1991ರಲ್ಲಿ ಪ್ರಕಟಿಸಿದ ಎಸ್‌ಡಿಡಿಪಿ ವಿಧಾನವು ಪ್ರತಿ ತಿಂಗಳೂ ಆವರೆಗೆ ತಿಳಿದದ್ದನ್ನಷ್ಟೇ ಆಧರಿಸಿ, ಅಣೆಕಟ್ಟಿನಲ್ಲಿ ಉಳಿಸಿದ ನೀರಿನ ಮುಂದಿನ ಬೆಲೆಯನ್ನು ಅಂದಾಜಿಸುತ್ತದೆ. ಜೂಲಿಯಾ ಭಾಷೆಯಲ್ಲಿ ಅದರ ಮುಕ್ತ ರೂಪವೂ ಲಭ್ಯವಿದೆ. ನಾನು ಈಗ ನೀರಿನ ಬೆಲೆಯನ್ನು ಅಲ್ಲಿ ಲೆಕ್ಕ ಹಾಕಿ ಪೈಪ್ಸಾಕ್ಕೆ ತಂದು ಕೊಡುತ್ತಿದ್ದೇನೆ. ಎರಡು ಭಾಷೆ, ಎರಡು ಮಾದರಿ, ದುಪ್ಪಟ್ಟು ಶ್ರಮ. ಆದರೂ ಬರದ ವರ್ಷದ ವೆಚ್ಚ ನಂಬುವಂತೆ ಬಂದದ್ದು ಹೀಗೆ ಮಾಡಿದ ಮೇಲೆಯೇ.

ಎರಡನೆಯ ಕೊರತೆ ಕಾಲಕ್ಕೆ ಸಂಬಂಧಿಸಿದ್ದು. ಕಲ್ಲಿದ್ದಲು ಸ್ಥಾವರ ಅಥವಾ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ) ಯೋಜನೆಗೆ ಹಲವು ವರ್ಷ ಬೇಕು, ಸೌರ ಫಲಕಗಳನ್ನೂ ಬ್ಯಾಟರಿಯನ್ನೂ ಅದಕ್ಕಿಂತ ಬೇಗ ನಿಲ್ಲಿಸಬಹುದು. ಬೇಡಿಕೆ ಯಾವ ಕಡೆ ಹೊರಳುತ್ತದೆಂದು ಎರಡು ವರ್ಷ ಕಾದು ನೋಡಿ ನಂತರ ಕಟ್ಟುವ ಅವಕಾಶಕ್ಕೆ ತನ್ನದೇ ಬೆಲೆಯಿದೆ. ಎಲ್ಲ ನಿರ್ಮಾಣವೂ ಮೊದಲ ಹಂತದಲ್ಲೇ ತೀರ್ಮಾನವಾಗುವ ಈ ಚೌಕಟ್ಟಿನಲ್ಲಿ ಆ ಬೆಲೆ ಕಾಣಿಸುವುದೇ ಇಲ್ಲ, ಹಾಗಾಗಿ ದೊಡ್ಡ ಮತ್ತು ನಿಧಾನದ ಯೋಜನೆಗಳಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚಿನ ಅಂಕ ಸಿಗುತ್ತದೆ.

ವಾಸ್ಪ್ ಬಗ್ಗೆ ಹೇಳುತ್ತೇನೆಂದೆ. ನಮ್ಮ ರಾಷ್ಟ್ರೀಯ ವಿದ್ಯುತ್ ಯೋಜನೆ ವಿಶ್ವಾಸಾರ್ಹತೆಗೆ ಇಟ್ಟುಕೊಂಡ ಮಾನದಂಡದ ಪ್ರಕಾರ ಬೇಡಿಕೆ ಪೂರೈಸಲಾಗದ ಸಂಭವ ಶೇಕಡಾ 0.2ನ್ನು ಮೀರಬಾರದು, ಅಂದರೆ ವರ್ಷಕ್ಕೆ ಸುಮಾರು ಹದಿನೇಳೂವರೆ ಗಂಟೆ. ಘಟಕಗಳು ಯಾವ ಮುನ್ಸೂಚನೆಯಿಲ್ಲದೆ ಕೆಟ್ಟು ನಿಲ್ಲುವ ಸಾಧ್ಯತೆಗಳನ್ನೆಲ್ಲ ಕೂಡಿಸಿ ಈ ಸಂಭವವನ್ನು ನೇರವಾಗಿ ಲೆಕ್ಕ ಹಾಕುವುದು ಹಳೆಯ ವಾಸ್ಪ್‌ನ ಹುಟ್ಟುಗುಣ. ಪೈಪ್ಸಾದಲ್ಲಿ ಅದು ಸಿದ್ಧವಾಗಿ ಸಿಗುವುದಿಲ್ಲ. ಘಟಕಗಳ ಲಭ್ಯತೆಯನ್ನು ಸರಾಸರಿಯಾಗಿ ಇಳಿಸಬೇಕು, ಇಲ್ಲವೇ ಕೆಡುವ ಗಂಟೆಗಳನ್ನು ಯಾದೃಚ್ಛಿಕವಾಗಿ ಆರಿಸಿ ನೂರಾರು ಬಾರಿ ಓಡಿಸಬೇಕು. ಅಧಿಕೃತ ವರದಿಗೆ ಇದನ್ನು ಬಳಸುವವರು ಈ ಕೆಲಸವನ್ನು ಬಿಟ್ಟುಬಿಡಬಾರದು.

ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದೇ ಸನ್ನಿವೇಶ, ಒಂದೇ ಬಸ್ ಇರುವ ಮಾದರಿ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಒಂಬತ್ತು ಸನ್ನಿವೇಶಗಳಾದರೆ 78,840 ಗಂಟೆಗಳ ಸಮೀಕರಣಗಳು ಒಂದೇ ಲೆಕ್ಕದಲ್ಲಿ ಸೇರುತ್ತವೆ. ನನ್ನ 16 ಜಿಬಿ ಲ್ಯಾಪ್‌ಟಾಪ್‌ಗೆ ಅದು ರಾತ್ರಿಯಿಡೀ ಕೆಲಸ. ಮೂರು ಗಂಟೆಗಳನ್ನು ಒಂದಾಗಿ ಕೂಡಿಸಿದರೆ ಹೊರೆ ಇಳಿಯುತ್ತದೆ, ಆದರೆ ಸಂಜೆ ಸೂರ್ಯ ಮುಳುಗುವ ಹೊತ್ತಿನ ಕಡಿದಾದ ಏರಿಕೆ ಮಸುಕಾಗುತ್ತದೆ. ಮಾರ್ಗದರ್ಶಿ ಬರಹಗಳು ಅಚ್ಚುಕಟ್ಟಾಗಿವೆ, ಬಹುತೇಕ ಉದಾಹರಣೆಗಳು ಯುರೋಪಿನವು.

ಕನಿಷ್ಠ ವೆಚ್ಚಕ್ಕಿಂತ ಶೇಕಡಾ ಐದರಷ್ಟು ಹೆಚ್ಚು ಖರ್ಚಿಗೆ ಒಪ್ಪಿದರೆ ಎಷ್ಟು ಭಿನ್ನ ಯೋಜನೆಗಳು ಸಾಧ್ಯ ಎಂದು ತೋರಿಸುವ ಸೌಲಭ್ಯವೂ ಇದರಲ್ಲಿದೆ, ಅದನ್ನು ಬಿಟ್ಟು ಈ ವಿಮರ್ಶೆ ಮುಗಿಸಲಾರೆ. ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ನನ್ನ ಮಾದರಿ ಮೊದಲು ಆರಿಸಿಕೊಂಡಿತು, ಏಕೆಂದರೆ ಅಭಯಾರಣ್ಯದ ಕಾಡಿಗೆ ನಾನು ಯಾವ ಬೆಲೆಯನ್ನೂ ಬರೆದಿರಲಿಲ್ಲ. ಅದನ್ನು ಕೈಬಿಟ್ಟು ಉಳಿದ ಯೋಜನೆಗಳನ್ನು ಹುಡುಕಲು ಹೇಳಿದಾಗ, ಬ್ಯಾಟರಿ ಮತ್ತು ಹಗಲಿಗೆ ಸರಿಸಿದ ಪಂಪ್‌ಸೆಟ್‌ಗಳ ಸಂಯೋಜನೆಯೊಂದು ಆ ಶೇಕಡಾ ಐದರ ಮಿತಿಯೊಳಗೇ ಸಿಕ್ಕಿತು. ನನ್ನ ಸಣ್ಣ ಮಾದರಿಯ ಈ ಉತ್ತರವನ್ನು ಯಾರೂ ತೀರ್ಪೆಂದು ತೆಗೆದುಕೊಳ್ಳಬೇಕಿಲ್ಲ. ನನ್ನ ಕೋಡ್ ಮತ್ತು ಒಳಹರಿವಿನ ಲೆಕ್ಕ ಕೇಳಿದ ವಿದ್ಯಾರ್ಥಿಗಳಿಗೆಲ್ಲ ಕೊಟ್ಟಿದ್ದೇನೆ. ಸಾಗರ ತಾಲ್ಲೂಕಿನ ಕಡೆಯ ಇಬ್ಬರು ಈಗ ಆ ಕಾಡಿಗೆ ಎಷ್ಟು ಬೆಲೆ ಬರೆದರೆ ಯೋಜನೆಯ ಆಯ್ಕೆ ಬದಲಾಗುತ್ತದೆ ಎಂಬುದನ್ನು ಹುಡುಕುತ್ತಿದ್ದಾರೆ.